ಎಲ್ಲಿ ಆಡ್ತಿದ್ರಿ?

2021ರ ಮೇ ತಿಂಗಳ ಒಂದು ರಾತ್ರಿ ನಮ್ಮಕ್ಕನ ಮಗ ಮೇಲಿನ ಕೋಣೆಯಿಂದ ಇಳಿದು ಬಂದು ಊಟಕ್ಕೆ ಕುಳಿತವನು, ರೊಟ್ಟಿ ಮುರಿದು ಹಾಗೆಯೇ ಕೈಯಲ್ಲಿ ಹಿಡಿದುಕೊಂಡು ಕೂತುಬಿಟ್ಟ. ಪಿಎಸ್‌ಐ ಪರೀಕ್ಷೆಗೆ ಓದಲೆಂದು ಧಾರವಾಡಕ್ಕೆ ಬಂದಿದ್ದ ಹುಡುಗ ಅವನು. ಸಪ್ತಾಪುರದಲ್ಲಿ ಮೂವರು ಸೇರಿ ಒಂದು ರೂಮು ಹಿಡಿದಿದ್ದರು. ಲಾಕ್‌ಡೌನಿನಲ್ಲಿ ಕೋಚಿಂಗ್ ಕ್ಲಾಸುಗಳೂ ಖಾನಾವಳಿಗಳೂ ಬಾಗಿಲು ಹಾಕಿದ ಮೇಲೆ ಚೀಲ ಹೊತ್ತುಕೊಂಡು ನಮ್ಮ ಮನೆಗೆ ಬಂದಿದ್ದ. ಏನಾಯಿತೆಂದು ಎರಡು ಸಲ ಕೇಳಿದ ಮೇಲೆ, "ಕರಿಹುಲಿ ಹನ್ನೊಂದ ದಿನಾ ಆತು, ಆನ್‌ಲೈನ್ ಬಂದಿಲ್ಲ ಮೌಶಿ" ಎಂದ.

ಕರಿಹುಲಿ ಎಂಬುದು ಒಬ್ಬ ಹುಡುಗ ಮೊಬೈಲ್ ಆಟದಲ್ಲಿ ಇಟ್ಟುಕೊಂಡಿದ್ದ ಹೆಸರು. ಅವನ ಮನೆಯಲ್ಲಿ ಇಟ್ಟ ಹೆಸರು ನಮ್ಮ ಹುಡುಗನಿಗೆ ಗೊತ್ತಿರಲಿಲ್ಲ, ಮುಖವನ್ನೂ ಕಂಡಿರಲಿಲ್ಲ. ಆಗ ನಾನು ಅಂದದ್ದು ಇದು: "ಮಾರಿ ಸುದ್ದಾ ನೋಡಿಲ್ಲ, ಹೆಸರ ಗೊತ್ತಿಲ್ಲ. ಆಟದಾಗಿನ ಮಂದಿ ಅವರು, ಖರೇ ಏನಲ್ಲ. ಅದಕ್ಕ ಯಾಕ ಊಟಾ ಬಿಡ್ತಿ?" ಅವನು ಏನೂ ಹೇಳದೆ ಕೈ ತೊಳೆದುಕೊಂಡು ಮೇಲೆ ಹೋದ. ನನ್ನ ಆ ಮಾತು ತಪ್ಪಾಗಿತ್ತು. ಯಾಕೆ ತಪ್ಪು ಎಂಬುದನ್ನು ಅರಿಯಲು ನನಗೆ ಬಹಳ ದಿನ ಹಿಡಿಯಿತು, ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ಅವರು ನಾಲ್ವರಿದ್ದರು. ಧಾರವಾಡದ ಇವನು, ವಿಜಯಪುರದವನೊಬ್ಬ, ಬಳ್ಳಾರಿಯವನೊಬ್ಬ, ರಾಣೆಬೆನ್ನೂರು ತಾಲೂಕಿನ ಒಂದು ಹಳ್ಳಿಯ ಕರಿಹುಲಿ. ಪಬ್‌ಜಿ ಆಡುತ್ತ ಪರಿಚಯವಾದವರು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಆ ಆಟವೂ ಹೋಯಿತು. ನಾಲ್ವರೂ ಒಂದೇ ವಾರದಲ್ಲಿ ಫ್ರೀ ಫೈರ್ ಎಂಬ ಇನ್ನೊಂದು ಆಟಕ್ಕೆ ಗುಳೆ ಹೋದರು. ಗುಳೆ ಎಂಬ ಮಾತನ್ನು ತಿಳಿದೇ ಬಳಸಿದ್ದೇನೆ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿದವು, ಓಣಿಯ ಮಂದಿಯ ನಂಟು ಮಾತ್ರ ಮುಳುಗದೆ ನವನಗರದವರೆಗೂ ಬಂತು. ಇವರದೂ ಹಾಗೆಯೇ ಆಯಿತು.

ಆ ಆಟದಲ್ಲಿ ಐವತ್ತು ಮಂದಿ ವಿಮಾನದಿಂದ ಒಂದು ನಡುಗಡ್ಡೆಯ ಮೇಲೆ ಧುಮುಕುತ್ತಾರೆ, ಬಂದೂಕು ಹುಡುಕಿಕೊಳ್ಳುತ್ತಾರೆ, ಬಯಲು ಕಿರಿದಾಗುತ್ತ ಬಂದಂತೆ ಒಬ್ಬರನ್ನೊಬ್ಬರು ಹೊಡೆಯುತ್ತಾರೆ, ಹತ್ತು ನಿಮಿಷಕ್ಕೆಲ್ಲ ಮುಗಿಯುತ್ತದೆ. ಹೊರಗಿನವರಿಗೆ ಕೇಳಿಸುವುದು ಗುಂಡಿನ ಸದ್ದು ಮಾತ್ರ. ಆಡುವವರ ನಡುವೆ ಬೇರೆ ಮಾತೇ ನಡೆದಿರುತ್ತದೆ: ಯಾರ ಮನೆಯಲ್ಲಿ ಯಾರಿಗೆ ಜ್ವರ, ಯಾರ ಅಪ್ಪನ ಹತ್ತಿ ಯಾವ ದರಕ್ಕೆ ಹೋಯಿತು, ಪರೀಕ್ಷೆಯ ಅರ್ಜಿ ಎಂದು ಕರೆಯುತ್ತಾರೆ. ಗುಂಡು ತಾಗಿ ಬಿದ್ದವನನ್ನು ಜೊತೆಗಾರನು ಬಂದು ಎಬ್ಬಿಸಲು ಅಲ್ಲಿ ಅವಕಾಶವುಂಟು, ಆದರೆ ಎಬ್ಬಿಸುವಷ್ಟು ಹೊತ್ತು ಎಬ್ಬಿಸುವವನು ತಾನೇ ಗುಂಡಿಗೆ ಮೈಯೊಡ್ಡಿ ಕೂಡಬೇಕಾಗುತ್ತದೆ. ಕರಿಹುಲಿ ಗೆಲ್ಲುವ ಆಟವನ್ನಾದರೂ ಬಿಟ್ಟು ಎಬ್ಬಿಸಲು ಓಡಿ ಬರುತ್ತಿದ್ದನಂತೆ. ಒಬ್ಬ ಮನುಷ್ಯನ ಗುಣವನ್ನು ತಿಳಿಯಲು ಅದಕ್ಕಿಂತ ಹೆಚ್ಚಿನದೇನು ಬೇಕು ಎಂದು ಈಗ ಅನ್ನಿಸುತ್ತದೆ. ಎಷ್ಟೋ ವರ್ಷ ಪಕ್ಕದ ಮೇಜಿನಲ್ಲಿ ಕುಳಿತವರ ಬಗ್ಗೆ ನನಗೆ ಅಷ್ಟು ಗೊತ್ತಿರಲಿಲ್ಲ.

ನಾನು ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು. ಸೇರಿದಾಗ ಎರಡು ಕೈಯಿಂದ ಎತ್ತಬೇಕಾದಂಥ ಲೆಡ್ಜರುಗಳಿದ್ದವು, ನಿವೃತ್ತಳಾಗುವ ಹೊತ್ತಿಗೆ ಎಲ್ಲವೂ ತೆರೆಯ ಮೇಲಿನ ಅಂಕಿಯಾಗಿತ್ತು. ಒಂದು ಖಾತೆಯಲ್ಲಿ ಅಂಕಿ ಇಳಿದು ಇನ್ನೊಂದರಲ್ಲಿ ಏರಿದರೆ ಹೊಲ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ, ಮದುವೆ ನಡೆಯುತ್ತದೆ, ಸಾಲ ತೀರುತ್ತದೆ. 2016ರಲ್ಲಿ ಯುಪಿಐ ಬಂದ ಮೇಲಂತೂ ಧಾರವಾಡದ ಸೂಪರ್ ಮಾರ್ಕೆಟ್ಟಿನಲ್ಲಿ ಮೆಂತ್ಯದ ಸಿವುಡು ಮಾರುವ ಅಜ್ಜಿ ಕೂಡ, ಪಕ್ಕದ ಪುಟ್ಟ ಡಬ್ಬಿ ಇಪ್ಪತ್ತು ರೂಪಾಯಿ ಬಂತೆಂದು ಕೂಗಿದರೆ ಸಾಕು, ಚೀಲಕ್ಕೆ ಹಾಕಿ ಕೊಡುತ್ತಾಳೆ. ನವೆಂಬರ್ ಬಂತೆಂದರೆ ಪಿಂಚಣಿಗಾಗಿ ನಾನು ಜೀವನ್ ಪ್ರಮಾಣ್ ಕೊಡಬೇಕು. ಮೊಬೈಲಿನ ಕ್ಯಾಮೆರಾಕ್ಕೆ ಮುಖ ಹಿಡಿದು ಕಣ್ಣು ಮಿಟುಕಿಸುತ್ತೇನೆ, ನಾನು ಬದುಕಿದ್ದೇನೆಂದು ಸರಕಾರ ಒಪ್ಪಿಕೊಳ್ಳುತ್ತದೆ. ರೊಕ್ಕ ತೆರೆಯ ಗಡಿಯನ್ನು ದಾಟಿ ಬಂದಾಗ ನಾನು ಒಮ್ಮೆಯೂ "ಇದು ಖರೇ ಏನಲ್ಲ" ಎಂದವಳಲ್ಲ. ದುಃಖ ದಾಟಿ ಬಂದಾಗ ಮಾತ್ರ ಅಂದೆ.

ಜೂನ್ ತಿಂಗಳ ಒಂದು ಸಂಜೆ ಕರಿಹುಲಿಯ ಹೆಸರು ಮತ್ತೆ ಆನ್‌ಲೈನ್ ಎಂದು ತೋರಿಸಿತು. "ಎಲ್ಲಿ ಸತ್ತಿದ್ದೆಲೇ ಇಷ್ಟ ದಿನಾ?" ಎಂದು ನಮ್ಮ ಹುಡುಗ ಮೇಲಿನಿಂದ ಕೂಗಿದ್ದು ಅಡುಗೆ ಮನೆಯವರೆಗೂ ಕೇಳಿಸಿತು. ನಮ್ಮ ಕಡೆ ಸಲುಗೆಯವರು ಹಾಗೆಯೇ ಮಾತಾಡುವುದು. ಆಮೇಲೆ ಸದ್ದಿಲ್ಲ. ಆ ಕಡೆಯಿಂದ ಉತ್ತರ ಬರೆದವಳು ಅವನ ತಂಗಿ. ಅಣ್ಣ ಕೊರೋನಾದಿಂದ ತೀರಿಕೊಂಡನೆಂದೂ, ಅವನ ಫೋನಿನಲ್ಲಿ ಈ ಮೂರು ಹೆಸರುಗಳಿಂದ ದಿನಾಲೂ ಸಂದೇಶ ಬಂದದ್ದು ಕಂಡು ತಿಳಿಸಬೇಕು ಅನ್ನಿಸಿತೆಂದೂ ಬರೆದಿದ್ದಳು. ನಮ್ಮಲ್ಲಿ ನಂಟರ ಸಾವಿನ ಸುದ್ದಿ ಕೇಳಿದರೆ ತಲೆಯ ಮೇಲೆ ನೀರು ಹಾಕಿಕೊಳ್ಳುವ ವಾಡಿಕೆ. ಅವನು ಯಾರಿಗೂ ಹೇಳದೆ ಬಚ್ಚಲಿಗೆ ಹೋಗಿ ತಣ್ಣೀರು ಸುರಿದುಕೊಂಡ. ನಾನು ಹೊರಗೆ ಟವೆಲು ಹಿಡಿದು ನಿಂತೇ ಇದ್ದೆ. ತಂಬಿಗೆಯ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ.

ಆ ದಿನಗಳಲ್ಲಿ ನಾನು ಈ ವಿಷಯದ ಬಗ್ಗೆ ಸಿಕ್ಕದ್ದನ್ನೆಲ್ಲ ಓದಲು ತೊಡಗಿದೆ. ಇಂಥ ಲೋಕಗಳು ನಮ್ಮ ಹುಡುಗರಿಗಿಂತ ಬಹಳ ಹಳೆಯವು. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ, ರಿಚರ್ಡ್ ಬಾರ್ಟಲ್ ಎಂಬ ಇಬ್ಬರು ವಿದ್ಯಾರ್ಥಿಗಳು 1978ರಲ್ಲೇ ಚಿತ್ರದ ಹಂಗಿಲ್ಲದೆ ಬರೀ ಅಕ್ಷರಗಳಿಂದ ಹಲವರು ಕೂಡಿ ಆಡುವ ಒಂದು ಲೋಕವನ್ನು ಕಟ್ಟಿದ್ದರು. 1990ರಲ್ಲಿ ಅಮೆರಿಕದ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದ ಪಾವೆಲ್ ಕರ್ಟಿಸ್ ಅಂಥದೇ ಇನ್ನೊಂದನ್ನು ತೆರೆದರು, ಅದರ ಹೆಸರು ಲ್ಯಾಂಬ್ಡಾಮೂ. ಅಲ್ಲಿ ಒಬ್ಬ ಆಟಗಾರ ಒಂದು ಉಪಾಯ ಹೂಡಿ, ಎಲ್ಲರೂ ಕೂಡುವ ಪಡಸಾಲೆಯಲ್ಲಿ ಬೇರೆಯವರ ಪಾತ್ರಗಳ ಮೇಲೆ, ಅವರ ಇಚ್ಛೆಗೆ ವಿರುದ್ಧವಾಗಿ, ಅಸಹ್ಯವಾದ ಅತ್ಯಾಚಾರ ನಡೆದಂತೆ ಬರೆಯುತ್ತ ಹೋದ. ಮುಟ್ಟಿದ ಕೈ ಇಲ್ಲ, ಮೈ ಇಲ್ಲ, ಇದ್ದದ್ದು ಅಕ್ಷರ ಮಾತ್ರ. ಆದರೂ ಮರುದಿನ ಅದನ್ನು ಖಂಡಿಸಿ ಬರೆಯುತ್ತಿದ್ದ ಹೆಂಗಸಿನ ಕೆನ್ನೆಯ ಮೇಲೆ ಕಣ್ಣೀರು ಹರಿಯುತ್ತಿತ್ತೆಂದು, 1993ರಲ್ಲಿ ಈ ಪ್ರಸಂಗವನ್ನು ಬರೆದ ಪತ್ರಕರ್ತ ಜೂಲಿಯನ್ ಡಿಬೆಲ್ ದಾಖಲಿಸಿದ್ದಾರೆ. ಆ ಲೋಕದ ಮಂದಿ ಪಂಚಾಯ್ತಿ ಕೂಡಿದರು. ಮಾತು ಒಂದು ತೀರ್ಮಾನಕ್ಕೆ ಬಾರದಿದ್ದಾಗ ಮೇಲ್ವಿಚಾರಕನೊಬ್ಬ ತಾನೇ ಆ ಆಟಗಾರನ ಖಾತೆಯನ್ನು ಅಳಿಸಿಹಾಕಿದ. ಆಮೇಲೆ ಕರ್ಟಿಸ್ ಅರ್ಜಿ ಮತ್ತು ಮತದಾನದ ವ್ಯವಸ್ಥೆಯನ್ನು ತಂದರು. ಬರೀ ಆಟವೆಂದಿದ್ದರೆ ಕಾಯಿದೆ ಯಾಕೆ ಬೇಕಾಗುತ್ತಿತ್ತು?

ಇನ್ನೊಂದು ನಾರ್ವೆಯ ಕಥೆ. ಮಾಟ್ಸ್ ಸ್ಟೀನ್ ಎಂಬ ತರುಣ ಸ್ನಾಯುಗಳು ಕ್ಷಯಿಸುತ್ತ ಹೋಗುವ ರೋಗದಿಂದ 2014ರಲ್ಲಿ, ತನ್ನ 25ನೆಯ ವಯಸ್ಸಿನಲ್ಲಿ ತೀರಿಕೊಂಡ. ಗಾಲಿಕುರ್ಚಿಯಲ್ಲಿ ಕಂಪ್ಯೂಟರಿನ ಮುಂದೆಯೇ ಬಾಳು ಕಳೆದ ಮಗನಿಗೆ ಗೆಳೆಯರೇ ಸಿಗಲಿಲ್ಲವಲ್ಲ ಎಂದು ತಂದೆತಾಯಿ ಕೊರಗಿದ್ದರು. ತೀರಿಕೊಂಡ ಮೇಲೆ ತಂದೆಯು ಮಗನ ಬ್ಲಾಗಿನಲ್ಲಿ ನಾಲ್ಕು ಸಾಲು ಬರೆದರು, ಉತ್ತರವಾಗಿ ಬೇರೆ ಬೇರೆ ದೇಶಗಳಿಂದ ಪತ್ರಗಳು ಬರತೊಡಗಿದವು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದಲ್ಲಿ ಇಬೆಲಿನ್ ಎಂಬ ಹೆಸರಿನಿಂದ ಅವನು ಎಷ್ಟೋ ಮಂದಿಯ ಕಷ್ಟಕ್ಕೆ ಕಿವಿಯಾಗಿದ್ದ. ಅವರಲ್ಲಿ ಕೆಲವರು ಅಂತ್ಯಕ್ರಿಯೆಗೂ ಬಂದರು. ಆ ತಂದೆಯ ಸ್ಥಾನದಲ್ಲಿ ನನ್ನನ್ನು ಇಟ್ಟು ನೋಡಿಕೊಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಟದೊಳಗಿನ ರೂಪಕ್ಕೆ ಅವರು ಅವತಾರ್ ಎನ್ನುತ್ತಾರೆ. 1980ರ ದಶಕದಲ್ಲಿ ಲೂಕಾಸ್‌ಫಿಲ್ಮ್ ಕಂಪನಿಯವರು ಹ್ಯಾಬಿಟ್ಯಾಟ್ ಎಂಬ ಲೋಕವನ್ನು ಕಟ್ಟುವಾಗ ನಮ್ಮಿಂದ ಎರವಲು ಒಯ್ದ ಶಬ್ದ ಅದು. ನಮ್ಮ ಮನೆಗಳಲ್ಲಿ ತಲೆ ಕೆದರಿಕೊಂಡು ಬಂದ ಮಕ್ಕಳಿಗೆ "ಏನಿದು ನಿನ್ನ ಅವತಾರ" ಎಂದು ಗದರುತ್ತೇವೆ, ಪುರಾಣದಲ್ಲಾದರೆ ಇಳಿದು ಬರುವುದೇ ಅವತಾರ. ಇಳಿದವನಿಗೆ ನೋವಿನಿಂದ ವಿನಾಯಿತಿ ಇರಲಿಲ್ಲ. ರಾಮನಾಗಿ ಇಳಿದವನು ಸೀತೆಗಾಗಿ ಗಿಡಮರಗಳನ್ನು ಕೇಳುತ್ತ ಅತ್ತ, ಕೃಷ್ಣನಾಗಿ ಇಳಿದವನ ಪಾದಕ್ಕೆ ಬೇಡನ ಬಾಣ ನಟ್ಟಿತು. ಅದು ಅವತಾರ ಮಾತ್ರ, ಅಳು ಖರೇ ಅಲ್ಲ ಎಂದು ಯಾವ ಅಜ್ಜಿಯೂ ಮೊಮ್ಮಕ್ಕಳಿಗೆ ಕಥೆ ಹೇಳಿಲ್ಲ.

ಕುಂದಗೋಳದ ಕಡೆಯ ನಮ್ಮ ಊರಿನಲ್ಲಿ ಅಜ್ಜ ದೊಡ್ಡಾಟದಲ್ಲಿ ದುರ್ಯೋಧನನ ಪಾತ್ರ ಕಟ್ಟುತ್ತಿದ್ದ. ಸಂಜೆ ತಾನೇ ರೊಟ್ಟಿ ಬಡಿದು ಉಣ್ಣಿಸಿ ಕಳಿಸಿದ ಅಜ್ಜಿ, ಬೆಳಗಿನ ಜಾವ ತೊಡೆ ಮುರಿದು ಬಿದ್ದ ಅವನನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಕೆಗೆ ಎರಡೂ ಗೊತ್ತಿತ್ತು. ಮಂಗಳ ಹಾಡಿದ ಮೇಲೆ ಅಜ್ಜ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಂಡು, ಕಿವಿಯ ಹಿಂದೆ ಸ್ವಲ್ಪ ಕೆಂಪು ಉಳಿದಿರುವಂತೆಯೇ, ಎತ್ತು ಬಿಚ್ಚಿಕೊಂಡು ಹೊಲಕ್ಕೆ ಹೋಗುತ್ತಿದ್ದ.

ನನ್ನ ಹೆದರಿಕೆ ಇರುವುದು ಈ ಮಂಗಳದ ವಿಷಯದಲ್ಲಿ. ದೊಡ್ಡಾಟಕ್ಕೆ ಮಂಗಳವಿದೆ, ಊರೆಲ್ಲ ಎದ್ದು ಮನೆಗೆ ಹೋಗುವ ಹೊತ್ತಿದೆ. ಮೊಬೈಲಿನ ಆಟ ಹತ್ತು ನಿಮಿಷಕ್ಕೆ ಮುಗಿದರೂ ಮುಂದಿನ ಆಟದ ಗುಂಡಿ ಅದೇ ಜಾಗದಲ್ಲಿ ಮಿನುಗುತ್ತಿರುತ್ತದೆ. ಬಣ್ಣ ಒರೆಸಿಕೊಳ್ಳುವ ಹೊತ್ತನ್ನು ಆಡುವವನೇ ಮಾಡಿಕೊಳ್ಳಬೇಕು, ಇಪ್ಪತ್ತರ ಹರೆಯಕ್ಕೆ ಅದು ಸುಲಭವಲ್ಲ. ಹಾಗೆ ಮಾಡಿಕೊಳ್ಳಲಾಗದೆ ಓದು, ನಿದ್ದೆ, ಊಟ ಎಲ್ಲವನ್ನೂ ಕಳೆದುಕೊಂಡ ಮಕ್ಕಳೂ ಇದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಿಂದಲೇ ಇಂಥವರಿಗೆಂದು ಶಟ್ ಎಂಬ ಕ್ಲಿನಿಕ್ ನಡೆಸುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯು 2022ರ ಜನವರಿ 1ರಿಂದ ಜಾರಿಗೆ ಬಂದ ತನ್ನ ರೋಗಗಳ ಪಟ್ಟಿಯಲ್ಲಿ ಆಟದ ಗೀಳನ್ನೂ ಸೇರಿಸಿದೆ. ಅದರ ಲಕ್ಷಣಗಳನ್ನು ಓದಿದಾಗ ಒಂದು ವಿಷಯ ನನ್ನ ಮನಸ್ಸಿಗೆ ತಟ್ಟಿತು. ಆಟದ ಮೇಲೆ ಹಿಡಿತ ತಪ್ಪಿದೆಯೇ, ಬಾಳಿನ ಉಳಿದೆಲ್ಲವನ್ನೂ ಆಟವು ಹಿಂದಕ್ಕೆ ತಳ್ಳಿದೆಯೇ, ಕೇಡಾಗುತ್ತಿದ್ದರೂ ಬಿಡಲಾಗುತ್ತಿಲ್ಲವೇ ಎಂದು ವೈದ್ಯರು ನೋಡುತ್ತಾರೆ. ಆ ಲೋಕ ನಿಜವೋ ಸುಳ್ಳೋ ಎಂಬ ಪ್ರಶ್ನೆ ಅಲ್ಲಿ ಬರುವುದೇ ಇಲ್ಲ. ನಾನು ಆ ರಾತ್ರಿ ಮೊದಲಿಗೆ ಕೇಳಿದ್ದು ಅದೊಂದನ್ನೇ.

ಇನ್ನು ಹಿರಿಯರಾದ ನಾವು ಈ ಗಡಿಯ ಈಚೆಗೇ ಇದ್ದೇವೆಂಬ ನಂಬಿಕೆಯೂ ಉಳಿದಿಲ್ಲ. 2024ರ ನವೆಂಬರಿನಲ್ಲಿ ಒಂದು ಬ್ಯಾಂಕಿಗೆ ಹೋಗಿದ್ದೆ. ಎಪ್ಪತ್ತು ದಾಟಿದ ನಿವೃತ್ತ ಮಾಸ್ತರರೊಬ್ಬರು ಠೇವಣಿಗಳನ್ನೆಲ್ಲ ಅವಧಿಗೆ ಮೊದಲೇ ಮುರಿಸಲು ಬಂದಿದ್ದರು. ಅಂಗಿಯ ಜೇಬಿನಲ್ಲಿದ್ದ ಫೋನು, ಕ್ಯಾಮೆರಾ ಹೊರಗೆ ಕಾಣುವಂತೆ ನಿಂತಿತ್ತು. ಯಾಕೆ ಮುರಿಸುತ್ತೀರೆಂದು ಕೌಂಟರಿನ ಹುಡುಗಿ ಕೇಳಿದರೆ ಅವರು ಉತ್ತರ ಕೊಡುವ ಮೊದಲು ಜೇಬಿನ ಕಡೆಗೆ ನೋಡುತ್ತಿದ್ದರು. ಆ ಹುಡುಗಿ ಜಾಣೆ. ಒಂದು ಚಲನ್ ತಿರುಗಿಸಿ, ಹಿಂಬದಿಗೆ "ಫೋನ್ ಬಂದ್ ಮಾಡ್ರಿ ಸರ್, ಅವರು ಪೊಲೀಸರಲ್ಲ" ಎಂದು ಬರೆದು ಗಾಜಿನ ಕೆಳಗಿನಿಂದ ಸರಿಸಿದಳು. ಮಾಸ್ತರರು ಅದನ್ನು ಮೂರು ಸಲ ಓದಿದರು. ಎರಡು ದಿನದಿಂದ ಅವರು ವಿಡಿಯೊ ಕಾಲಿನಲ್ಲಿ 'ಡಿಜಿಟಲ್ ಅರೆಸ್ಟ್' ಆಗಿದ್ದರು. ತೆರೆಯ ಮೇಲೆ ಸಮವಸ್ತ್ರ, ಮೊಹರು, ನ್ಯಾಯಾಧೀಶ ಎಲ್ಲವೂ ಇದ್ದವಂತೆ. ಅಂಥದೊಂದು ಬಂಧನ ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಅದಕ್ಕೆ ಹಿಂದಿನ ತಿಂಗಳಷ್ಟೇ ಪ್ರಧಾನಿಯವರು ರೇಡಿಯೊದಲ್ಲಿ ಅದನ್ನೇ ಹೇಳಿದ್ದರು. ಆದರೆ ಮಾಸ್ತರರ ಬೆರಳುಗಳ ನಡುಕ ಸುಳ್ಳಾಗಿರಲಿಲ್ಲ. ಅವರು ನಮ್ಮ ಮುಂದೆ ನಿಂತಿದ್ದರು, ಆದರೆ ಎರಡು ದಿನದಿಂದ ಬಾಳಿದ್ದು ಆ ಕೋರ್ಟಿನಲ್ಲಿ. ರೊಕ್ಕ ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾಯಿದೆಯಿಂದ ನಿಷೇಧಿಸಿತು, ಅದು ಸರಿಯೆಂದೇ ನನ್ನ ಮತ. ಹೆದರಿಕೆಗೆ, ನಂಟಿಗೆ ಕಾಯಿದೆ ಮಾಡುವುದು ಅಷ್ಟು ಸುಲಭವಲ್ಲ.

ಈಗ ಒಂದು ಭೇಟಿಯ ವಿಷಯ. 2021ರ ಶ್ರಾವಣದಲ್ಲಿ ಬಸ್ಸುಗಳು ಓಡತೊಡಗಿದ ಮೇಲೆ ಕರಿಹುಲಿಯ ಮನೆಗೆ ಹೋಗಿ ಬರಬೇಕೆಂದು ಹುಡುಗರು ನಿಶ್ಚಯಿಸಿದರು. ಬಳ್ಳಾರಿಯವನಿಗೆ ಬರಲಾಗಲಿಲ್ಲ. ವಿಜಯಪುರದವನು ಹುಬ್ಬಳ್ಳಿಗೆ ಬಂದಿಳಿದ, ನಾನು ಕಾರು ತೆಗೆದುಕೊಂಡು ಹೋದೆ. ಬಸ್ ನಿಲ್ದಾಣದ ಗದ್ದಲದಲ್ಲಿ ಇಬ್ಬರೂ ಬೆನ್ನು ಮಾಡಿ ನಿಂತಿದ್ದವರು, ಒಬ್ಬ ಚಹಾ ಕೇಳಿದ ದನಿಗೆ ಇನ್ನೊಬ್ಬ ತಿರುಗಿ ನೋಡಿದ. ಮುಖಗಳು ಅವರಿಗೆ ಹೊಸವು, ಅಪ್ಪಿಕೊಂಡದ್ದು ಮಾತ್ರ ಹಳೆಯ ಗೆಳೆಯರ ಹಾಗೆ.

ಹಾವೇರಿ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಗೋವಿನಜೋಳ ಆಳೆತ್ತರ ನಿಂತಿತ್ತು. ಮನೆ ಊರ ಕೊನೆಗೆ, ಹಂಚಿನದು. ತಾಯಿ ಹಿತ್ತಲಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಚಾಪೆ ಹಾಸಿದಳು. "ನಮ್ಮ ಹುಡುಗನ ಜೋಡಿ ಕಾಲೇಜಿನ್ಯಾಗ ಓದಿದವರೇನ್ರಪಾ?" ಎಂದು ಕೇಳಿದಳು.

"ಇಲ್ರೀ ಅಮ್ಮಾರ, ಜೋಡಿ ಆಡ್ತಿದ್ವಿ" ಎಂದ ನಮ್ಮ ಹುಡುಗ.

"ಎಲ್ಲಿ ಆಡ್ತಿದ್ರಿ? ಊರಾಗ ನಿಮ್ಮನ್ನ ಕಂಡಿಲ್ಲಲ್ಲ ನಾ."

ಅವನು ತಡವರಿಸಿ, "ಫೋನಿನ್ಯಾಗ ರೀ, ರಾತ್ರಿ ಹೊತ್ತು" ಎಂದ. ತಾಯಿ ಅವನ ಮುಖವನ್ನೇ ನೋಡುತ್ತ ಒಂದಿಷ್ಟು ಹೊತ್ತು ಸುಮ್ಮನಿದ್ದಳು. ಆಮೇಲೆ, "ನೀ ಫೇಡೆ ಅಲ್ಲೇನೋ?" ಎಂದಳು.

ಫೇಡೆ ಎಂಬುದು, ಧಾರವಾಡದವನೆಂದು ಗೆಳೆಯರು ಇವನಿಗೆ ಆಟದಲ್ಲಿ ಇಟ್ಟ ಹೆಸರು. ಮಗನ ಇಯರ್‌ಫೋನಿನ ವಾಯರು ಹರಿದುಹೋಗಿತ್ತಂತೆ, ಹೊಸದನ್ನು ತರಲು ಅಂಗಡಿಗಳು ತೆರೆದಿರಲಿಲ್ಲ, ಸ್ಪೀಕರ್ ಹಚ್ಚಿಕೊಂಡೇ ಆಡುತ್ತಿದ್ದ. ಒಂದೇ ಕೋಣೆಯ ಮನೆ. "ಮೂರೂ ಮಂದಿ ದನಿ ನಂಗ ಗೊತ್ತೈತಿ. ನಿದ್ದಿ ಕೆಡಸ್ತೀರಿ ಅಂತ ಬೈತಿದ್ದೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ರಾತ್ರಿ ಒಂಬತ್ತಕ್ಕ, ರೊಟ್ಟಿ ಆರ್ತಾವು ಬಾರೋ ಅಂತ ಕರೀತಿದ್ದಾಕಿ ನೀವ ಏನ್ರಿ?" ಎಂದು ಕೇಳಿದಳು.

ನನಗೆ ಮಾತು ಹೊರಡಲಿಲ್ಲ, ತಲೆಯಾಡಿಸಿದೆ. ಆಟದಾಗಿನ ಮಂದಿ ಎಂದು ನಾನು ಯಾರನ್ನು ಕುರಿತು ಹೇಳಿದ್ದೆನೋ ಅವರ ಮನೆಯಲ್ಲಿ ನನ್ನ ದನಿ ದಿನಾಲೂ ಒಂಬತ್ತು ಗಂಟೆಗೆ ಕೇಳಿಸುತ್ತಿತ್ತು. ಆ ಕರೆ ಕೇಳಿದ ಮೇಲೆಯೇ ತಾನೂ ಮಗನನ್ನು ಊಟಕ್ಕೆ ಎಬ್ಬಿಸುತ್ತಿದ್ದೆ ಎಂದಳು ಆ ತಾಯಿ.

ಚಹಾ ಕುಡಿದ ಮೇಲೆ ಅವಳು ಆ ಆಡುವ ಜಾಗವನ್ನು ತೋರಿಸೆಂದಳು. ನಮ್ಮ ಹುಡುಗ ಫೋನು ತೆಗೆದು, ಅವಳ ಪಕ್ಕದಲ್ಲಿ ಕುಳಿತು, ವಿಮಾನದಿಂದ ಧುಮುಕಿದ. ಆ ನಡುಗಡ್ಡೆಯಲ್ಲಿ ಮಿಲ್ ಎಂಬ ಒಂದು ಜಾಗವಿದೆ, ಕರಿಹುಲಿ ಯಾವಾಗಲೂ ಅಲ್ಲಿಯೇ ಇಳಿಯುತ್ತಿದ್ದನಂತೆ. ಅಲ್ಲಿ ಇಳಿದು, ಬಂದೂಕು ಎತ್ತಿಕೊಳ್ಳದೆ, ಗೋಡೆಯ ಮರೆಗೆ ಸುಮ್ಮನೆ ನಿಂತು, ಸುತ್ತಲೂ ತಿರುಗಿಸಿ ತೋರಿಸಿದ. ತಾಯಿ ಕನ್ನಡಕವಿಲ್ಲದ ಕಣ್ಣನ್ನು ಕಿರಿದು ಮಾಡಿ ಹಸಿರು ದಿನ್ನೆಗಳನ್ನು ನೋಡಿದಳು. "ಇಷ್ಟೊಂದ ಹೊಲಾ ಬೀಳ ಬಿಟ್ಟಾರಲ್ಲ" ಎಂದ ಅವಳು ತೆರೆಯ ಮೇಲೆ ಬೆರಳಿಟ್ಟಳು. ಬೆರಳು ತಾಗಿದ್ದಕ್ಕೆ ಅದರೊಳಗಿನ ಆಳು ಎರಡು ಹೆಜ್ಜೆ ನಡೆದ. ಅವಳು ಗಾಬರಿಯಾಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ಅಷ್ಟರಲ್ಲಿ ಯಾರೋ ದೂರದಿಂದ ಗುಂಡು ಹಾರಿಸಿದರು, ಆಟ ಮುಗಿಯಿತು.

2022ರ ಫೆಬ್ರುವರಿ 14ರಂದು ಆ ಆಟವನ್ನೂ ಸರಕಾರ ನಿಷೇಧಿಸಿತು. ಗೆಳೆಯರ ಪಟ್ಟಿಯಲ್ಲಿ ಕರಿಹುಲಿಯ ಹೆಸರು ನೋಡಲೂ ಆಗದಂತಾಯಿತೆಂದು ನಮ್ಮ ಹುಡುಗ ಎರಡು ದಿನ ಮಂಕಾಗಿದ್ದ. ನಾನು ಈ ಸಲ ಏನೂ ಹೇಳಲಿಲ್ಲ, ರೊಟ್ಟಿ ಬಿಸಿ ಮಾಡಿಕೊಟ್ಟೆ.

ಈಗ ಅವನು ನೌಕರಿಯಲ್ಲಿದ್ದಾನೆ. ದಸರೆಗೆ ರಜೆ ಸಿಕ್ಕರೆ ಬನ್ನಿ ಮುಡಿದ ಮರುದಿನ ರಾಣೆಬೆನ್ನೂರಿನ ಬಸ್ಸು ಹತ್ತುತ್ತಾನೆ. ಹೋದ ವರ್ಷ ನಾನೂ ಜೊತೆಗೆ ಹೋಗಿದ್ದೆ. ಹೊಸ್ತಿಲು ದಾಟಿದವನೇ ಬನ್ನಿಯ ಎಲೆಗಳನ್ನು ಆ ತಾಯಿಯ ಕೈಗೆ ಹಾಕಿ, ಬಗ್ಗಿ ಕಾಲು ಮುಟ್ಟಿ, "ಬನ್ನಿ ತಗೊಂಡ ಬಂಗಾರದ್ಹಂಗ ಇರೂಣು ಅಮ್ಮಾರ" ಎಂದ. ಅವಳು "ಬಂಗಾರದ್ಹಂಗ ಇರಪಾ ಫೇಡೆ" ಎಂದು, ಆ ಎಲೆಗಳಲ್ಲಿ ಎರಡನ್ನು ಎತ್ತಿ ಮಗನ ಫೋಟೊದ ಮುಂದೆ ಇಟ್ಟು, ಉಳಿದವನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡಳು.